ಧಾನ್ಯರಾಶಿಯ ಘರ್ಷಣೆ ಮತ್ತು ಕಣಜಗಳ ರಚನೆ

1. ಪೀಠಿಕೆ

ಪಾಟ್ನಾ ನಗರದಲ್ಲಿ ಗಂಗಾನದಿಯ ದಡಕ್ಕೆ ಸಮೀಪವಾಗಿ ಗೋಲ್‌ಘರ್ ಎಂಬ ದೊಡ್ಡ ಇಟ್ಟಿಗೆಯ ಕಟ್ಟಡವಿದೆ. ಒಳಗೆ ಕಂಬಗಳಿಲ್ಲ. ತಳದಿಂದ ತುದಿಯವರೆಗೆ ಒಂದೇ ಗುಮ್ಮಟ. ಹೊರಮೈಯನ್ನು ಸುತ್ತಿ ಮೇಲೇರುವ 145 ಮೆಟ್ಟಿಲುಗಳು. ನೆತ್ತಿಯಲ್ಲಿ ಧಾನ್ಯವನ್ನು ಸುರಿಯಲು ಒಂದು ರಂಧ್ರ. 1770ರ ಮಹಾಕ್ಷಾಮದ ನೆನಪು ಇನ್ನೂ ಮಾಸದಿದ್ದ ಕಾಲದಲ್ಲಿ, ಬಂಗಾಳ ಬಿಹಾರಗಳಲ್ಲಿ ಕ್ಷಾಮವನ್ನು ಶಾಶ್ವತವಾಗಿ ತಡೆಯಬೇಕೆಂಬ ಉದ್ದೇಶದಿಂದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಸರ್ಕಾರವು 1784ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯ ಮೇರೆಗೆ, ಕ್ಯಾಪ್ಟನ್ ಜಾನ್ ಗಾರ್ಸ್ಟಿನ್ ಎಂಬ ಇಂಜಿನಿಯರನು ಇದನ್ನು ಕಟ್ಟಿ 1786ರ ಜುಲೈ 20ರಂದು ಮುಗಿಸಿದನು. ಈ ಸಂಗತಿಗಳನ್ನು ಗೋಡೆಯ ಮೇಲಿನ ಶಾಸನವೇ ಹೇಳುತ್ತದೆ. ಮೊದಲ ಬಾರಿಗೆ ಧಾನ್ಯ ತುಂಬಿ ಮುಚ್ಚಿದವರ ಹೆಸರನ್ನು ಬರೆಯಲೆಂದು ಅದೇ ಶಾಸನದಲ್ಲಿ ಬಿಟ್ಟಿದ್ದ ಸ್ಥಳ ಮಾತ್ರ ಇಂದಿಗೂ ಬರಿದಾಗಿಯೇ ಉಳಿದಿದೆ.

ಈ ಕಟ್ಟಡವು 1,40,000 ಟನ್ ಧಾನ್ಯವನ್ನು ಹಿಡಿಯುತ್ತದೆಂದು ಹಲವು ಗ್ರಂಥಗಳಲ್ಲಿಯೂ ಪ್ರವಾಸಿ ಕೈಪಿಡಿಗಳಲ್ಲಿಯೂ ಬರೆದಿರುತ್ತದೆ. ಇತಿಹಾಸದ ಅಧ್ಯಾಪಕರಾದ ನಾವು ಇಂತಹ ಅಂಕೆಗಳನ್ನು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಎತ್ತಿಕೊಳ್ಳುವುದುಂಟು. ಅಳೆದು ನೋಡುವುದು ಅಪರೂಪ. ಕ್ಷಾಮದ ಚರಿತ್ರೆಯನ್ನು ಬರೆಯುವವರಿಗೆ ಈ ಅಂಕೆ ಅಲ್ಪವಾದುದಲ್ಲ. ಎಷ್ಟು ಜನರನ್ನು ಎಷ್ಟು ದಿನ ಸಾಕಲು ಅಂದಿನ ಸರ್ಕಾರ ಯೋಚಿಸಿತ್ತೆಂಬ ನಿರ್ಣಯ ಇದನ್ನೇ ಅವಲಂಬಿಸಿದೆ. ಆದುದರಿಂದ ಕಣಜವೊಂದು ಎಷ್ಟನ್ನು ಹಿಡಿಯಬಲ್ಲದು, ಹಿಡಿದುದನ್ನು ಅದರ ಗೋಡೆ ಹೇಗೆ ತಾಳುತ್ತದೆ ಎಂಬುದನ್ನು ತಿಳಿಯಬೇಕು. ಇದಕ್ಕೆ ಕಾಳಿನ ರಾಶಿಯ ಸ್ವಭಾವವನ್ನು, ಮುಖ್ಯವಾಗಿ ಅದರ ಘರ್ಷಣೆಯನ್ನು, ಅರಿಯುವುದು ಅವಶ್ಯಕ. ಇಂಜಿನಿಯರುಗಳಿಗೆ ಪರಿಚಿತವಾದ ಈ ವಿಷಯವನ್ನು ಇತರ ಶಾಸ್ತ್ರಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಇಲ್ಲಿ ನಿರೂಪಿಸಿ, ಕೊನೆಯಲ್ಲಿ ಗೋಲ್‌ಘರಿಗೆ ಹಿಂದಿರುಗುತ್ತೇವೆ.

2. ರಾಶಿಯ ಸ್ವಭಾವ

ಕಣದಲ್ಲಿ ಜೋಳವನ್ನು ತೂರಿ ರಾಶಿ ಹಾಕುವುದನ್ನು ನೋಡಿದವರಿಗೆ ಒಂದು ಸಂಗತಿ ವಿದಿತವೇ ಆಗಿದೆ. ಮೇಲೆ ಮೇಲೆ ಸುರಿದಷ್ಟೂ ರಾಶಿ ಎತ್ತರವಾಗುತ್ತದೆ, ಅಗಲವೂ ಆಗುತ್ತದೆ. ಆದರೆ ಅದರ ಇಳಿಜಾರು ಬದಲಾಗುವುದಿಲ್ಲ. ಇಳಿಜಾರು ಒಂದು ಮಿತಿಯನ್ನು ಮೀರಿದೊಡನೆ ಕಾಳುಗಳು ಜಾರಿ ಕೆಳಗಿಳಿಯುತ್ತವೆ. ಒಣಗಿದ ಗೋಧಿಯಲ್ಲಿ ಈ ಕೋನವು ಸುಮಾರು 25ರಿಂದ 28 ಡಿಗ್ರಿಗಳಷ್ಟಿರುತ್ತದೆ. ನೀರನ್ನು ರಾಶಿ ಹಾಕಲಾಗದು. ಅದರ ಕೋನ ಸೊನ್ನೆ. ಕಲ್ಲಿನ ಬಂಡೆಗಾದರೋ ಇಂತಹ ಮಿತಿಯೇ ಇಲ್ಲ. ಹೀಗೆ ಧಾನ್ಯರಾಶಿಯು ಹರಿಯುವುದರಲ್ಲಿ ದ್ರವವನ್ನೂ ನಿಲ್ಲುವುದರಲ್ಲಿ ಘನವನ್ನೂ ಹೋಲುತ್ತದೆ. ಆದರೆ ಎರಡರ ನಿಯಮಗಳೂ ಅದಕ್ಕೆ ಪೂರ್ಣವಾಗಿ ಅನ್ವಯಿಸುವುದಿಲ್ಲ.

ಈ ನಡತೆಗೆ ಕಾರಣವಾದ ಘರ್ಷಣೆಯು ಎರಡು ಬಗೆಯದು. ಕಾಳಿಗೂ ಕಾಳಿಗೂ ನಡುವೆ ಇರುವುದು ಆಂತರಿಕ ಘರ್ಷಣೆ. ಕಾಳಿಗೂ ಅದನ್ನು ಹಿಡಿದಿಟ್ಟ ಗೋಡೆಗೂ ನಡುವೆ ಇರುವುದು ಗೋಡೆಯ ಘರ್ಷಣೆ. ಆಂತರಿಕ ಘರ್ಷಣೆ ಹೆಚ್ಚಿದಷ್ಟೂ ರಾಶಿ ತನ್ನನ್ನು ತಾನೇ ಹೆಚ್ಚಾಗಿ ಹಿಡಿದುಕೊಳ್ಳುತ್ತದೆ, ಪಕ್ಕದ ಗೋಡೆಯನ್ನು ಕಡಿಮೆ ತಳ್ಳುತ್ತದೆ. ನೀರು ಎಷ್ಟು ಬಲದಿಂದ ಕೆಳಕ್ಕೆ ಒತ್ತುವುದೋ ಅಷ್ಟೇ ಬಲದಿಂದ ಪಕ್ಕಕ್ಕೂ ಒತ್ತುತ್ತದೆ. ಧಾನ್ಯವಾದರೋ ಕೆಳಕ್ಕೆ ಒತ್ತುವುದರ ಒಂದು ಭಾಗದಷ್ಟು ಮಾತ್ರ ಪಕ್ಕಕ್ಕೆ ಒತ್ತುತ್ತದೆ. ಈ ಭಾಗವನ್ನು ನಾವು ಪಾರ್ಶ್ವಾನುಪಾತವೆಂದು ಕರೆಯೋಣ. ಸ್ಕಾಟ್ಲೆಂಡಿನ ರ್‍ಯಾಂಕಿನ್ ಎಂಬ ವಿದ್ವಾಂಸನು 1857ರಲ್ಲಿ ಕೊಟ್ಟ ಸೂತ್ರದಂತೆ, ಆಂತರಿಕ ಘರ್ಷಣೆಯ ಕೋನ 25 ಡಿಗ್ರಿಯಾದಾಗ ಈ ಅನುಪಾತ ಸುಮಾರು 0.4 ಆಗುತ್ತದೆ. ಅಲುಗಾಡದ ಗೋಡೆಗಳ ನಡುವೆ ಅದು ಇದಕ್ಕಿಂತ ಹೆಚ್ಚಿರುತ್ತದೆಂದು ಈಚಿನ ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ವಿವರಣೆಗೆ ನಾವು 0.4ನ್ನೇ ಇಟ್ಟುಕೊಂಡಿದ್ದೇವೆ.

3. ಅರಿವು ಬೆಳೆದ ಬಗೆ

ಘರ್ಷಣೆಯನ್ನು ಮಣ್ಣಿನ ಒತ್ತಡದ ಲೆಕ್ಕಕ್ಕೆ ತಂದವನು ಫ್ರಾನ್ಸಿನ ಸೈನ್ಯದ ಇಂಜಿನಿಯರನಾದ ಕೂಲಂಬನು. ಕೋಟೆಯ ಗೋಡೆಗಳು ಹಿಂದಿನ ಮಣ್ಣಿನ ತಳ್ಳುವಿಕೆಯನ್ನು ಹೇಗೆ ತಾಳುತ್ತವೆಂಬ ವಿಚಾರವಾಗಿ ಆತನು 1773ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ಓದಿದ ಪ್ರಬಂಧವು 1776ರಲ್ಲಿ ಅಚ್ಚಾಯಿತು. ಅಂದರೆ ಗೋಲ್‌ಘರ್ ಕಟ್ಟುವುದಕ್ಕೆ ಹತ್ತು ವರ್ಷಗಳ ಮುಂಚೆಯೇ ಈ ಶಾಸ್ತ್ರಕ್ಕೆ ತಳಹದಿ ಬಿದ್ದಿತ್ತು. ಆದರೆ ಅದು ಒಂದು ಕಡೆಯ ಗೋಡೆಗೆ ಸಂಬಂಧಿಸಿದುದು. ನಾಲ್ಕೂ ಕಡೆ ಗೋಡೆಗಳಿರುವ ಆಳವಾದ ಕಣಜದಲ್ಲಿ ಏನಾಗುತ್ತದೆಂಬುದು ತಿಳಿಯಲು ಇನ್ನೂ ಒಂದು ಶತಮಾನ ಬೇಕಾಯಿತು.

ಜರ್ಮನಿಯ ಹಾಗೆನ್ ಎಂಬಾತನು 1852ರಲ್ಲಿ ಮರಳನ್ನು ಕೊಳವೆಗಳಲ್ಲಿ ತುಂಬಿ ಪರೀಕ್ಷಿಸಿ, ತಳದ ಮೇಲಿನ ಒತ್ತಡವು ಮರಳಿನ ಎತ್ತರಕ್ಕೆ ತಕ್ಕಂತೆ ಏರುತ್ತ ಹೋಗುವುದಿಲ್ಲವೆಂದು ತೋರಿಸಿದನು. ತಳದ ರಂಧ್ರದಿಂದ ಮರಳು ಇಳಿಯುವ ವೇಗವೂ ಮೇಲಿರುವ ಮರಳಿನ ಎತ್ತರವನ್ನು ಅವಲಂಬಿಸುವುದಿಲ್ಲ. ತಳದಲ್ಲಿ ತೂತುಳ್ಳ ಪಾತ್ರೆಯಿಂದ ನೀರು ಸೋರುವಾಗ ಮಟ್ಟ ಇಳಿದಂತೆಲ್ಲ ವೇಗವೂ ಕುಂದುತ್ತದೆ. ಮರಳಿನ ಗಡಿಯಾರದಲ್ಲಿ ಹಾಗಾಗದೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ಇಳಿಯುತ್ತದೆ. ಶತಮಾನಗಳ ಕಾಲ ಜನರು ಈ ಗುಣವನ್ನು ಉಪಯೋಗಿಸುತ್ತಿದ್ದರು. ಕಾರಣವನ್ನು ಶೋಧಿಸಿದುದು ಬಹಳ ತಡವಾಗಿ.

ಅಮೆರಿಕದ ಬಫೆಲೋ ನಗರದಲ್ಲಿ ಜೋಸೆಫ್ ಡಾರ್ಟನು 1842ರಲ್ಲಿ ಉಗಿಯಂತ್ರದಿಂದ ಧಾನ್ಯವನ್ನು ಮೇಲೆತ್ತಿ ತುಂಬುವ ಉಗ್ರಾಣವನ್ನು ಸ್ಥಾಪಿಸಿದಂದಿನಿಂದ ಎತ್ತರವಾದ ಕಣಜಗಳು ಹೆಚ್ಚಿದವು. ಅವುಗಳ ಗೋಡೆಗೆ ಎಷ್ಟು ಬಲವಿರಬೇಕೆಂಬುದು ಆಗ ಹಣದ ಪ್ರಶ್ನೆಯೂ ಆಯಿತು. ಲಿವರ್‌ಪೂಲಿನ ಐಸಾಕ್ ರಾಬರ್ಟ್ಸ್ ಎಂಬಾತನು, ಮುಂದೆ 1888ರಲ್ಲಿ ಆಂಡ್ರೊಮಿಡಾ ನೀಹಾರಿಕೆಯ ಛಾಯಾಚಿತ್ರವನ್ನು ತೆಗೆದು ಪ್ರಸಿದ್ಧನಾದವನು, 1880ರ ದಶಕದ ಆರಂಭದಲ್ಲಿ ಗೋಧಿಯ ಕಣಜಗಳನ್ನು ಪರೀಕ್ಷಿಸಿ, ಕಾಳಿನ ಆಳವು ಕಣಜದ ಅಗಲದ ಸುಮಾರು ಎರಡರಷ್ಟಾದ ಮೇಲೆ ತಳದ ಒತ್ತಡ ಹೆಚ್ಚು ಏರುವುದಿಲ್ಲವೆಂದು ಕಂಡನು. ಇದಕ್ಕೆ ಸರಿಯಾದ ಗಣಿತವನ್ನು ಒದಗಿಸಿದವನು ಬ್ರೆಮೆನ್ ನಗರದ ಯಾನ್ಸೆನ್ ಎಂಬ ಇಂಜಿನಿಯರನು. 1895ರಲ್ಲಿ ಪ್ರಕಟವಾದ ಆತನ ಲೇಖನವೇ ಇಂದಿಗೂ ಈ ಶಾಸ್ತ್ರಕ್ಕೆ ಆಧಾರವಾಗಿದೆ.

ಯಾನ್ಸೆನ್ನನ ಪ್ರಯೋಗ ಸರಳವಾದುದು. ಬೇರೆ ಬೇರೆ ಅಳತೆಯ ಚಿಕ್ಕ ಕಣಜಗಳ ತಳವನ್ನು ಗೋಡೆಯಿಂದ ಬೇರ್ಪಡಿಸಿ ತಕ್ಕಡಿಯ ಮೇಲೆ ನಿಲ್ಲಿಸಿದನು. ಗೋಡೆಗಳಿಗೆ ಬೇರೆ ಆಧಾರ ಕೊಟ್ಟನು. ಧಾನ್ಯವನ್ನು ಸುರಿಯುತ್ತ ಹೋದಂತೆ ತಕ್ಕಡಿ ಮೊದಮೊದಲು ಹೆಚ್ಚು ತೋರಿಸಿತು. ಆಮೇಲೆ ಎಷ್ಟು ಸುರಿದರೂ ಬಹುಮಟ್ಟಿಗೆ ಅಲ್ಲಿಯೇ ನಿಂತಿತು. ಉಳಿದ ತೂಕವೆಲ್ಲ ಗೋಡೆಗಳಿಗೆ ಹೋಗಿತ್ತು.

4. ಯಾನ್ಸೆನ್ನನ ವಿಚಾರಸರಣಿ

ಕಣಜದ ಧಾನ್ಯವನ್ನು ಒಂದರ ಮೇಲೊಂದು ಇಟ್ಟ ತೆಳುವಾದ ಬಿಲ್ಲೆಗಳೆಂದು ಭಾವಿಸೋಣ. ಒಂದು ಬಿಲ್ಲೆಯ ಮೇಲೆ ನಾಲ್ಕು ಬಲಗಳಿವೆ: ಅದರ ಸ್ವಂತ ತೂಕ, ಮೇಲಿನ ಬಿಲ್ಲೆಯ ಒತ್ತಡ, ಕೆಳಗಿನ ಬಿಲ್ಲೆಯ ಆಧಾರ, ಮತ್ತು ಅಂಚಿನ ಸುತ್ತಲೂ ಗೋಡೆಯು ಘರ್ಷಣೆಯಿಂದ ಅದನ್ನು ಮೇಲಕ್ಕೆ ಹಿಡಿದುಕೊಳ್ಳುವ ಬಲ. ಈ ಕೊನೆಯ ಬಲವು ಬಿಲ್ಲೆ ಗೋಡೆಯನ್ನು ಎಷ್ಟು ಒತ್ತುವುದೋ ಅದಕ್ಕೆ ಅನುಗುಣವಾಗಿರುತ್ತದೆ. ಆಳಕ್ಕೆ ಹೋದಂತೆ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಗೋಡೆಯ ಹಿಡಿತವೂ ಏರುತ್ತದೆ. ಕೊನೆಗೆ ಬಿಲ್ಲೆಯ ತೂಕವನ್ನೆಲ್ಲ ಗೋಡೆಯೇ ಹೊರುವ ಸ್ಥಿತಿ ಸಮೀಪಿಸುತ್ತದೆ. ಅಲ್ಲಿಂದ ಕೆಳಗೆ ಒತ್ತಡ ಏರಲು ಕಾರಣವಿಲ್ಲ.

ಉದಾಹರಣೆಗೆ 6 ಮೀಟರ್ ವ್ಯಾಸದ, 30 ಮೀಟರ್ ಎತ್ತರದ ದುಂಡನೆಯ ಕಾಂಕ್ರೀಟಿನ ಕಣಜದಲ್ಲಿ ಗೋಧಿಯನ್ನು ತುಂಬಿದೆಯೆಂದು ಇಟ್ಟುಕೊಳ್ಳೋಣ. ಘನಮೀಟರಿಗೆ ಗೋಧಿಯ ತೂಕ 800 ಕಿಲೋಗ್ರಾಂ, ಗೋಡೆಯ ಘರ್ಷಣ ಗುಣಾಂಕ 0.4, ಪಾರ್ಶ್ವಾನುಪಾತ 0.4 ಎಂದಾಗಲಿ. ಒಟ್ಟು ಗೋಧಿ ಸುಮಾರು 679 ಟನ್. ಯಾನ್ಸೆನ್ನನ ಸೂತ್ರದಂತೆ ತಳದ ಮೇಲೆ ಬೀಳುವುದು ಸುಮಾರು 203 ಟನ್ ಮಾತ್ರ. ಉಳಿದ 476 ಟನ್ನುಗಳನ್ನು, ಅಂದರೆ ನೂರಕ್ಕೆ ಎಪ್ಪತ್ತರಷ್ಟನ್ನು, ಗೋಡೆಗಳು ಹೊರುತ್ತವೆ.

15 ಮೀಟರ್ ಆಳದಲ್ಲಿ ಧಾನ್ಯವು ಕೆಳಕ್ಕೆ ಒತ್ತುವುದು ಚದರ ಮೀಟರಿಗೆ ಸುಮಾರು 5,990 ಕಿಲೋಗ್ರಾಂ. 30 ಮೀಟರ್ ಆಳದಲ್ಲಿ ಸುಮಾರು 7,190. ಆಳ ಇಮ್ಮಡಿಯಾದರೂ ಒತ್ತಡ ಐದನೆಯ ಒಂದು ಪಾಲು ಮಾತ್ರ ಏರಿತು. ತಳದ ಬಳಿ ಗೋಡೆಯ ಮೇಲಿನ ಪಾರ್ಶ್ವ ಒತ್ತಡ ಸುಮಾರು 2,880 ಕಿಲೋಗ್ರಾಂ. ಅದೇ ತೂಕದ ದ್ರವವನ್ನು ತುಂಬಿದ್ದರೆ ಅಲ್ಲಿ 24,000 ಕಿಲೋಗ್ರಾಂ ಆಗುತ್ತಿತ್ತು; ಎಂಟು ಪಟ್ಟಿಗಿಂತ ಹೆಚ್ಚು. ಈ ತಳ್ಳುವಿಕೆಯಿಂದ ದುಂಡನೆಯ ಗೋಡೆ ಹಿಗ್ಗಲು ನೋಡುತ್ತದೆ, ಪೀಪಾಯಿಯ ಪಟ್ಟಿಯಂತೆ ಎಳೆತಕ್ಕೆ ಒಳಗಾಗುತ್ತದೆ. ಅದನ್ನು ತಾಳಲು ಕಾಂಕ್ರೀಟಿನಲ್ಲಿ ಉಕ್ಕಿನ ಕಂಬಿಗಳನ್ನು ಹಾಕಬೇಕು. ಧಾನ್ಯವನ್ನು ನೀರೆಂದು ಭಾವಿಸಿ ಕಟ್ಟಿದವನು ತಳದ ಬಳಿ ಎಂಟು ಪಟ್ಟು ಉಕ್ಕನ್ನು ವ್ಯರ್ಥಮಾಡುತ್ತಾನೆ. ಗೋಡೆ ಹೊರುವ ತೂಕವನ್ನು ಮಾತ್ರ ಮರೆತುಬಿಡುತ್ತಾನೆ. ಎರಡನೆಯ ತಪ್ಪೇ ಹೆಚ್ಚು ಅಪಾಯಕರ.

5. ನುಣುಪು, ಒರಟು, ತೇವ

ಗೋಡೆ ನುಣುಪಾದಷ್ಟೂ ಒಳ್ಳೆಯದೆಂದು ಸಾಮಾನ್ಯವಾಗಿ ತೋರುತ್ತದೆ. ಆದರೆ ಮೇಲಿನ ಕಣಜದಲ್ಲಿಯೇ ಕಾಂಕ್ರೀಟಿಗೆ ಬದಲಾಗಿ ನುಣುಪಾದ ಉಕ್ಕಿನ ತಗಡಿದ್ದು ಗುಣಾಂಕ 0.2ಕ್ಕೆ ಇಳಿದರೆ, ತಳದ ಬಳಿಯ ಪಾರ್ಶ್ವ ಒತ್ತಡ 2,880ರಿಂದ ಸುಮಾರು 4,790ಕ್ಕೆ ಏರುತ್ತದೆ. ಗೋಡೆಯ ಹಿಡಿತ ತಪ್ಪಿದಷ್ಟೂ ರಾಶಿಯು ಹೆಚ್ಚು ದ್ರವದಂತೆ ವರ್ತಿಸುತ್ತದೆ. ಒರಟಾದ ಗೋಡೆಯನ್ನು ಧಾನ್ಯ ಕಡಿಮೆ ತಳ್ಳುತ್ತದೆ, ಆದರೆ ಹೆಚ್ಚು ಕೆಳಕ್ಕೆ ಎಳೆಯುತ್ತದೆ. ತೆಳುವಾದ ಉಕ್ಕಿನ ಗೋಡೆ ಈ ಎಳೆತಕ್ಕೆ ಸಿಕ್ಕಿ ಸುಕ್ಕುಗಟ್ಟಿ ಕುಸಿಯಬಹುದು.

ಒಂದೇ ಕಣಜದ ಗುಣಾಂಕವಾದರೂ ಸ್ಥಿರವಲ್ಲ. ಹೊಸ ಗೋಡೆ ವರ್ಷಗಳ ಉಜ್ಜುವಿಕೆಯಿಂದ ನುಣುಪಾಗುತ್ತದೆ. ಉಕ್ಕು ತುಕ್ಕು ಹಿಡಿದು ಒರಟಾಗುತ್ತದೆ. ಧಾನ್ಯದ ತೇವ ಏರಿದರೆ ಘರ್ಷಣೆಯೂ ಏರುತ್ತದೆ. ಆದುದರಿಂದ ಇಂದಿನ ನಿಯಮಾವಳಿಗಳು ಒಂದು ಗುಣಾಂಕಕ್ಕೆ ಬದಲಾಗಿ ಕನಿಷ್ಠ ಗರಿಷ್ಠಗಳೆರಡನ್ನೂ ಹಿಡಿಯುತ್ತವೆ. ಪಾರ್ಶ್ವ ಒತ್ತಡವನ್ನು ಲೆಕ್ಕಮಾಡುವಾಗ ಕನಿಷ್ಠ ಘರ್ಷಣೆ, ಗೋಡೆ ಹೊರುವ ತೂಕವನ್ನು ಲೆಕ್ಕಮಾಡುವಾಗ ಗರಿಷ್ಠ ಘರ್ಷಣೆ. ಹೀಗೆ ಪ್ರತಿಯೊಂದಕ್ಕೂ ಕೆಟ್ಟುದನ್ನೇ ನಿರೀಕ್ಷಿಸುವುದು ಪದ್ಧತಿ. ನಮ್ಮ ದೇಶದಲ್ಲಿ ಕಾಂಕ್ರೀಟಿನ ಕಣಜಗಳಿಗೆಂದೇ ಐ.ಎಸ್. 4995 ಎಂಬ ನಿಯಮಾವಳಿಯ ಮೊದಲನೆಯ ಭಾಗವು 1974ರಲ್ಲಿ ಹೊರಬಂದಿತು. ಒಳಗಿರುವ ಧಾನ್ಯ ನೀರು ಕುಡಿದು ಉಬ್ಬಿದರೆ ಮಾತ್ರ ಯಾವ ಸೂತ್ರವೂ ಉಪಯೋಗಕ್ಕೆ ಬಾರದು. ಆ ಉಬ್ಬರಕ್ಕೆ ಗೋಡೆಯೇ ಒಡೆಯಬಹುದು.

6. ತುಂಬುವುದು ಮತ್ತು ತೆಗೆಯುವುದು

ಯಾನ್ಸೆನ್ನನ ಸೂತ್ರವು ನಿಂತಿರುವ ಧಾನ್ಯಕ್ಕೆ ಹೇಳಿದುದು. ಕೆಳಗಿನ ಬಾಯಿಯನ್ನು ತೆರೆದಾಗ ರಾಶಿ ಚಲಿಸುತ್ತದೆ, ಒತ್ತಡಗಳ ವಿನ್ಯಾಸವೇ ಬದಲಾಗುತ್ತದೆ. ಅಮೆರಿಕದ ಮಿನಿಯಾಪೊಲಿಸ್ ನಗರದ ಬಳಿ 1899ರಲ್ಲಿ ಪೀವಿ ಎಂಬ ಧಾನ್ಯವರ್ತಕನಿಗಾಗಿ ಹ್ಯಾಗ್ಲಿನ್ ಎಂಬ ಕಟ್ಟಡಗಾರನು ದುಂಡನೆಯ ಕಾಂಕ್ರೀಟಿನ ಕಣಜವೊಂದನ್ನು ಪರೀಕ್ಷಾರ್ಥವಾಗಿ ಕಟ್ಟಿದನು. ಧಾನ್ಯವನ್ನು ಹೊರಕ್ಕೆ ಬಿಟ್ಟೊಡನೆ ಅದು ಒಡೆದುಹೋಗುವುದೆಂದು ಜನ ನಂಬಿ, ಅದನ್ನು ಪೀವಿಯ ಹುಚ್ಚೆಂದು ಹಾಸ್ಯಮಾಡಿದರು. 1900ರಲ್ಲಿ ಧಾನ್ಯವನ್ನು ತೆಗೆದಾಗ ಕಣಜಕ್ಕೆ ಏನೂ ಆಗಲಿಲ್ಲ. ಆ ಕಟ್ಟಡ ಇಂದಿಗೂ ನಿಂತಿದೆ.

ಆದರೆ ಜನರ ಅಂಜಿಕೆ ಪೂರ್ಣವಾಗಿ ಹುಸಿಯಾಗಿರಲಿಲ್ಲ. ಕೆನಡದಲ್ಲಿ ಜೇಮೀಸನ್ ಎಂಬ ಇಂಜಿನಿಯರನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೂರ್ಣಪ್ರಮಾಣದ ಕಣಜಗಳಲ್ಲಿ ಒತ್ತಡವನ್ನು ಅಳೆದನು. ಬಾಯಿ ನಡುವೆ ಇದ್ದರೆ ತೆಗೆಯುವಾಗಿನ ಏರಿಕೆ ಅಲ್ಪವೆಂದೂ, ಬಾಯಿ ಒಂದು ಪಕ್ಕದಲ್ಲಿದ್ದರೆ ಎದುರಿನ ಗೋಡೆಯ ಒತ್ತಡ ಹಲವು ಪಟ್ಟು ಏರಬಹುದೆಂದೂ ಆ ಕಾಲದ ಪರೀಕ್ಷೆಗಳಿಂದ ತಿಳಿದುಬಂದಿತು. ಎತ್ತರ ಹೆಚ್ಚಿ, ತೆಗೆಯುವ ವೇಗ ಹೆಚ್ಚಿದಂತೆ ಅನೇಕ ಕಣಜಗಳ ಗೋಡೆಗಳು ಬಿರುಕುಬಿಟ್ಟವು. 1964ರ ಜರ್ಮನ್ ನಿಯಮಾವಳಿಯು ತೆಗೆಯುವಾಗಿನ ಒತ್ತಡವನ್ನು ಪ್ರತ್ಯೇಕವಾಗಿ ಲೆಕ್ಕಿಸಬೇಕೆಂದು ವಿಧಿಸಿತು. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಜೆನಿಕೆ ಎಂಬ ವಿದ್ವಾಂಸನು 1961 ಮತ್ತು 1964ರಲ್ಲಿ ಪ್ರಕಟಿಸಿದ ಪ್ರಬಂಧಗಳು ರಾಶಿ ಹರಿಯುವ ಎರಡು ಬಗೆಗಳನ್ನು ಸ್ಪಷ್ಟಪಡಿಸಿದವು. ಕೆಳಗಿನ ಆಲಿಕೆ ಸಾಕಷ್ಟು ಕಡಿದಾಗಿ ನುಣುಪಾಗಿದ್ದರೆ ರಾಶಿಯೆಲ್ಲ ಒಟ್ಟಾಗಿ ಇಳಿಯುತ್ತದೆ; ಇಲ್ಲವಾದರೆ ನಡುವೆ ಒಂದು ಕಾಲುವೆ ಮಾತ್ರ ಹರಿದು, ಸುತ್ತಲಿನದು ನಿಂತೇ ಇರುತ್ತದೆ. ಮೇಲೆ ಗಟ್ಟಿಯಾಗಿ ತೋರುವ ಇಂತಹ ರಾಶಿಯ ಮೇಲೆ ಕಾಲಿಟ್ಟವರು ಕ್ಷಣಾರ್ಧದಲ್ಲಿ ಕಾಳಿನೊಳಗೆ ಹೂತುಹೋಗುವುದುಂಟು. ಹರಿಯುವ ಧಾನ್ಯದಲ್ಲಿ ಈಜಲಾಗದು. ಸೊಂಟದವರೆಗೆ ಹೂತವನನ್ನು ಎಳೆದು ತೆಗೆಯಲು ಅದೇ ಘರ್ಷಣೆ ಅಡ್ಡಬರುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯಕ. ಘರ್ಷಣೆಯು ತೂಕವನ್ನು ತಳದಿಂದ ಗೋಡೆಗೆ ಸಾಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಗೋಡೆಯ ಮೂಲಕ ಅದು ನೆಲವನ್ನು ಸೇರಲೇಬೇಕು. ಕೆನಡದ ವಿನಿಪೆಗ್ ಬಳಿಯ ಟ್ರಾನ್ಸ್‌ಕೋನಾ ಎಂಬಲ್ಲಿ 65 ಕಣಜಗಳ ದೊಡ್ಡ ಉಗ್ರಾಣವೊಂದು 1913ರ ಅಕ್ಟೋಬರಿನಲ್ಲಿ, ಮೊದಲ ಬಾರಿ ತುಂಬುತ್ತಿದ್ದಾಗಲೇ, ಕೆಳಗಿನ ಜೇಡಿಮಣ್ಣು ಕುಸಿದು ಸುಮಾರು 27 ಡಿಗ್ರಿ ವಾಲಿತು. ಗೋಡೆಗಳ ಲೆಕ್ಕ ಸರಿಯಾಗಿಯೇ ಇದ್ದುದರಿಂದ ಕಣಜಗಳು ಒಡೆಯಲಿಲ್ಲ. ಧಾನ್ಯವನ್ನು ತೆಗೆದು, ಕಟ್ಟಡವನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಬಳಕೆಗೆ ತಂದರು.

7. ನಮ್ಮ ನಾಡಿನ ಕಣಜ ಮತ್ತು ಹಗೇವು

ಈ ಸೂತ್ರಗಳನ್ನು ತಿಳಿಯದೆಯೇ ನಮ್ಮ ಪೂರ್ವಿಕರು ಧಾನ್ಯವನ್ನು ಕಾಪಾಡಿಕೊಂಡು ಬಂದರು. ಬಿದಿರಿನಿಂದ ಹೆಣೆದು ಸಗಣಿ ಮಣ್ಣುಗಳಿಂದ ಮೆತ್ತಿದ ದುಂಡನೆಯ ಕಣಜದಲ್ಲಿ ಸುತ್ತಲೂ ಹಾಯ್ದ ಬಿದಿರಿನ ಸೀಳುಗಳೇ ಎಳೆತವನ್ನು ತಾಳುತ್ತವೆ. ಕಾಂಕ್ರೀಟಿನ ಕಣಜದಲ್ಲಿ ಉಕ್ಕಿನ ಕಂಬಿ ಮಾಡುವ ಕೆಲಸವೂ ಅದೇ. ಮೆತ್ತಿದ ಮಣ್ಣು ಕಾಳು ಸೋರದಂತೆ, ಹುಳು ಹೋಗದಂತೆ ತಡೆಯುತ್ತದೆ.

ಉತ್ತರ ಕರ್ನಾಟಕದ ಹಗೇವು ಇನ್ನೊಂದು ಮಾರ್ಗವನ್ನು ಹಿಡಿಯಿತು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಒಡಲು ಹಿರಿದಾಗಿ ತೋಡಿದ ಕುಣಿಗೆ ಹುಲ್ಲನ್ನು ಹೊದಿಸಿ, ಜೋಳವನ್ನು ತುಂಬಿ, ಬಾಯನ್ನು ಕಲ್ಲು ಮಣ್ಣುಗಳಿಂದ ಮುಚ್ಚುತ್ತಿದ್ದರು. ಇಲ್ಲಿ ಕಾಳು ಎಷ್ಟೇ ತಳ್ಳಿದರೂ ಸುತ್ತಲಿನ ಭೂಮಿಯೇ ಎದುರು ನಿಲ್ಲುತ್ತದೆ. ಎಳೆತದ ಪ್ರಶ್ನೆಯೇ ಏಳುವುದಿಲ್ಲ. ಕಾಳಿನ ಉಸಿರಾಟದಿಂದ ಒಳಗಿನ ಆಮ್ಲಜನಕ ಕಳೆದುಹೋಗಿ ಹುಳುಗಳು ಬದುಕಲಾರವು. ಅದೇ ಕಾರಣದಿಂದ ಹಗೇವನ್ನು ತೆರೆದೊಡನೆ ಇಳಿದವನೂ ಬದುಕಲಾರನು. ಬಾಯನ್ನು ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಸಿ ಆರದಿರುವುದನ್ನು ನೋಡಿದ ಮೇಲೆಯೇ ಇಳಿಯಬೇಕೆಂಬುದು ಅನುಭವದ ನಿಯಮ.

8. ಗೋಲ್‌ಘರ್: ಒಂದು ಪರಿಶೀಲನೆ

ಈಗ ಪೀಠಿಕೆಯ ಪ್ರಶ್ನೆಗೆ ಬರೋಣ. ಗೋಲ್‌ಘರಿನ ಎತ್ತರ ಸುಮಾರು 29 ಮೀಟರ್. ತಳದಲ್ಲಿ ಒಳವ್ಯಾಸ ಸುಮಾರು 33 ಮೀಟರ್. ಗೋಡೆಯ ದಪ್ಪ ಸುಮಾರು 3.6 ಮೀಟರ್. ಅದನ್ನು ಗುಮ್ಮಟವೆಂದು ಭಾವಿಸದೆ, ಮೇಲಿನವರೆಗೂ ಒಂದೇ ಅಗಲದ ದುಂಡನೆಯ ಕಂಬವೆಂದು ಉದಾರವಾಗಿ ಲೆಕ್ಕ ಮಾಡಿದರೂ ಒಳಗಿನ ಅವಕಾಶ 25,000 ಘನಮೀಟರನ್ನು ಮೀರದು. ಅದರಲ್ಲಿ ಹಿಡಿಯುವ ಗೋಧಿ ಸುಮಾರು 20,000 ಟನ್. ಗುಮ್ಮಟದ ಆಕಾರವನ್ನು ಗಣನೆಗೆ ತಂದರೆ 13,000 ಟನ್ನಿನ ಸುಮಾರಿಗೆ ನಿಲ್ಲುತ್ತದೆ. ಹೊಟ್ಟು ಸಹಿತವಾದ ಬತ್ತವಾದರೆ ಇನ್ನೂ ಕಡಿಮೆ. 1,40,000 ಟನ್ ಗೋಧಿಯನ್ನು ಆ ತಳದ ಮೇಲೆ ನಿಲ್ಲಿಸಬೇಕಾದರೆ 200 ಮೀಟರಿಗೂ ಹೆಚ್ಚು ಎತ್ತರ ಬೇಕು. ಕುತುಬ್ ಮಿನಾರಿನ ಎತ್ತರದ ಸುಮಾರು ಮೂರರಷ್ಟು. ಆದುದರಿಂದ ಪ್ರಚಲಿತವಾದ ಅಂಕೆಯನ್ನು ಕೈಬಿಡಲೇಬೇಕು.

ಎರಡನೆಯ ಪ್ರಶ್ನೆ ಗೋಡೆಯದು. ಎತ್ತರಕ್ಕಿಂತ ಅಗಲವೇ ಹೆಚ್ಚಾದ ಕಣಜದಲ್ಲಿ ಗೋಡೆಯ ಘರ್ಷಣೆಯಿಂದ ಹೆಚ್ಚು ನೆರವು ದೊರೆಯದು. ತೂಕದ ಬಹುಪಾಲು ತಳವನ್ನೇ ಸೇರುತ್ತದೆ, ಪಾರ್ಶ್ವ ಒತ್ತಡವೂ ಆಳದೊಡನೆ ಏರುತ್ತ ಹೋಗುತ್ತದೆ. ನೆತ್ತಿಯವರೆಗೆ ತುಂಬಿದ್ದರೆ ತಳದ ಬಳಿ ಒಂದು ಮೀಟರ್ ಎತ್ತರದ ಗೋಡೆಯ ಪಟ್ಟಿಯಲ್ಲಿ ಹೆಚ್ಚೆಂದರೆ 150 ಟನ್ ಎಳೆತ ಬೀಳುತ್ತಿತ್ತು. ಗೋಡೆಯ ದಪ್ಪಕ್ಕೆ ಹಂಚಿದರೆ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋಗ್ರಾಂ. ಇಟ್ಟಿಗೆ ಗಾರೆಗಳ ಕಟ್ಟಡವು ಭಾರವನ್ನು ಚೆನ್ನಾಗಿ ಹೊರುತ್ತದೆ, ಎಳೆತವನ್ನು ತಾಳುವುದು ಬಹಳ ಕಡಿಮೆ. ಅದಕ್ಕೆ ಈ ಮೊತ್ತ ಅಲ್ಪವಲ್ಲ. ಇದು ಮೇಲುಮಿತಿಯ ಲೆಕ್ಕ. ಒಳಕ್ಕೆ ಬಾಗಿದ ಗುಮ್ಮಟದ ಆಕಾರವೂ ಗೋಡೆಯ ಸ್ವಂತ ತೂಕವೂ ಈ ಎಳೆತವನ್ನು ತಗ್ಗಿಸುತ್ತವೆ. ಆದುದರಿಂದ ತುಂಬಿದ್ದರೆ ಒಡೆಯುತ್ತಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ಗೋಡೆಯನ್ನು ಅಷ್ಟು ದಪ್ಪವಾಗಿ ಕಟ್ಟಿದುದು ಅಜ್ಞಾನದಿಂದ ಮಾಡಿದ ದುಂದು ಎಂದು ನಗುವವರು ಈ ಲೆಕ್ಕವನ್ನು ನೋಡಬೇಕು. ಉಕ್ಕಿನ ಕಂಬಿ ಇಲ್ಲದ ಕಾಲದಲ್ಲಿ ದಪ್ಪವೊಂದೇ ಇಂಜಿನಿಯರನಿಗಿದ್ದ ಉಪಾಯ.

ಬಾಗಿಲುಗಳು ಒಳಮುಖವಾಗಿ ತೆರೆಯುವುದರಿಂದ ಧಾನ್ಯ ತುಂಬಿದ ಮೇಲೆ ತೆಗೆಯಲಾಗದೆಂಬ ಹಾಸ್ಯದ ಮಾತೂ ಪ್ರಚಾರದಲ್ಲಿದೆ. ಅದಕ್ಕಿಂತ ದೊಡ್ಡ ಲೋಪ ಬೇರೊಂದು. 13,000 ಟನ್ ಧಾನ್ಯವನ್ನು 145 ಮೆಟ್ಟಿಲುಗಳ ಮೇಲೆ ಹೊತ್ತು ತುಂಬಬೇಕಾದರೆ, 50 ಕಿಲೋಗ್ರಾಂ ಮೂಟೆಗಳಂತೆ 2,60,000 ಸಲ ಹತ್ತಿ ಇಳಿಯಬೇಕು. ಅಷ್ಟು ಮಾಡಿದರೂ ಒಂದು ದೊಡ್ಡ ಪ್ರಾಂತ್ಯದ ಕ್ಷಾಮಕ್ಕೆ ಅದು ಕೆಲವು ದಿನಗಳ ಆಹಾರ ಮಾತ್ರ. ದಿನಕ್ಕೆ ಒಬ್ಬನಿಗೆ ಅರ್ಧ ಕಿಲೋಗ್ರಾಮಿನಂತೆ ಹತ್ತು ಲಕ್ಷ ಜನರಿಗೆ 26 ದಿನ ಸಾಲುತ್ತದೆ. 1,40,000 ಟನ್ನೆಂದು ನಂಬಿದವನು ಒಂಬತ್ತು ತಿಂಗಳೆಂದು ಬರೆಯುತ್ತಾನೆ. ಎರಡು ಲೆಕ್ಕಗಳಿಗೂ ಇರುವ ಅಂತರ ಕ್ಷಾಮನಿವಾರಣೆಯ ಚರಿತ್ರೆಯನ್ನೇ ಬೇರೆಯಾಗಿ ತೋರಿಸುತ್ತದೆ.

ಹಳೆಯ ಕೋಟೆಗಳಲ್ಲಿ, ದೇವಾಲಯಗಳಲ್ಲಿ, ಅರಮನೆಗಳಲ್ಲಿ ಉಗ್ರಾಣಗಳು ಇನ್ನೂ ಅನೇಕವಿವೆ. ಅವುಗಳ ಅಗಲ, ಎತ್ತರ, ಗೋಡೆಯ ದಪ್ಪ, ಧಾನ್ಯ ತೆಗೆಯುವ ಬಾಯಿಯ ಸ್ಥಾನ ಇವನ್ನು ಅಳೆಯುವುದು ಇತಿಹಾಸದ ವಿದ್ಯಾರ್ಥಿಗೂ ಸಾಧ್ಯವಾದ ಕೆಲಸ. ಶಾಸನವನ್ನು ಓದಿದಷ್ಟೇ ಶ್ರದ್ಧೆಯಿಂದ ಗೋಡೆಯನ್ನೂ ಅಳೆದರೆ ಆ ಕಾಲದ ಜನರು ಎಷ್ಟು ಕಾಳನ್ನು ಕೂಡಿಟ್ಟಿದ್ದರೆಂಬುದಕ್ಕೆ ಸಾಕ್ಷ್ಯ ದೊರೆಯುತ್ತದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಉಗ್ರಾಣದಿಂದಲೇ ಈ ಕೆಲಸವನ್ನು ಆರಂಭಿಸಬಹುದು.